ಸೀಟಿ ರಸ್ತೆಗಳ ಊರಿನಲ್ಲಿ

ಅಮೆರಿಕದ ಮನೆಗಳ ಮುಂದೆ ಕಂಬಕ್ಕೆ ಕೂರಿಸಿರುವ ಟಪಾಲು ಡಬ್ಬಿಯೊಳಗೆ ಅಂಚೆಯವನನ್ನು ಬಿಟ್ಟು ಬೇರೆ ಯಾರೂ ಏನನ್ನೂ ಹಾಕುವಂತಿಲ್ಲ. ಇದು ನನಗೂ ನನ್ನ ತಂಗಿಗೂ ಗೊತ್ತಿರಲಿಲ್ಲ. ಟೆಲಿಫೋನ್ ಡೈರೆಕ್ಟರಿ ಹಂಚುವ ಕೆಲಸದ ಮೊದಲ ದಿನ ಲಾರೆನ್ಸ್‌ವಿಲ್ ಊರಿನ ಎರಡು ಬಡಾವಣೆಗಳ ಅಷ್ಟೂ ಡಬ್ಬಿಗಳಿಗೆ ಪುಸ್ತಕ ತುರುಕಿ ಬಂದೆವು. ಡಬ್ಬಿ ಇರುವುದೇ ಅದಕ್ಕೆ ಅಂದುಕೊಂಡಿದ್ದೆವು. ಪ್ರತಿ ಬಾಗಿಲವರೆಗೆ ನಡೆಯುವುದು ತಪ್ಪಿತಲ್ಲ ಎಂದು ಖುಷಿಯೂ ಆಗಿತ್ತು.

ಮರುದಿನ ಬೆಳಿಗ್ಗೆ ಪೊಲೀಸ್ ಕಾರೊಂದು ನಮ್ಮ ವ್ಯಾನಿನ ಹಿಂದೆ ಬಂದು ನಿಂತಿತು. ಪೊಲೀಸಿನವನು ನಗುತ್ತಲೇ ಮಾತಾಡಿದ. ಅವನ ನಗು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು. ತಂಗಿ ಎಸ್ ಸರ್, ಸಾರಿ ಸರ್ ಎನ್ನುತ್ತಿದ್ದಳು. ನಾನು ಪುಸ್ತಕದ ಕಟ್ಟು ಬಿಚ್ಚುವವನಂತೆ ವ್ಯಾನಿನ ಹಿಂಬಾಗಿಲೊಳಗೆ ತಲೆ ಹಾಕಿಕೊಂಡು ನಿಂತೆ. ಅವನ ಕಾರು ತಿರುವು ದಾಟಿದ ಮೇಲೆ ಏನಂದ ಎಂದು ಕೇಳಿದೆ.

"ಇವತ್ತು ಬಿಡ್ತೀನಿ ಅಂದ. ಎಲ್ಲಾ ಡಬ್ಬ್ಯಾಗಿಂದು ತಗದು ಬಾಗಲಿಗೆ ತೂಗಹಾಕ್ರಿ ಅಂದ. ಮತ್ತ ಯಾರರ ಕಂಪ್ಲೇಂಟ್ ಕೊಟ್ರ ಕೋರ್ಟಿಗೆ ಬರೂದಾಕ್ಕೈತಿ ಅಂದ."

"ಯಾರು ಬರೂದು? ನಾನೋ, ನೀನೋ?"

"ನನಗಂದ. ನಿನ್ನ ಅವ ನೋಡೇ ಇಲ್ಲ ಬಿಡು."

ಆ ಮಾತು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಇದನ್ನು ಈಗಲೇ ಬರೆದುಬಿಡುತ್ತೇನೆ.

ನನ್ನ ಹೆದರಿಕೆಗೆ ಕಾರಣವಿತ್ತು. ತಂಗಿಯ ಬಾಣಂತನಕ್ಕೆ ಹೊರಟ ಅವ್ವ ಅಷ್ಟು ದೂರ ಒಬ್ಬಳೇ ಬರಲಾರಳೆಂದು ಜೊತೆಗೆ ಬಂದವನು ನಾನು. ಅವ್ವನನ್ನು ತಿರುಗಿ ವಿಮಾನ ಹತ್ತಿಸಿದೆ, ನಾನು ಉಳಿದೆ. ವೀಸಾ ಮುಗಿದು ಬಹಳ ದಿನವಾಗಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಗದಗಿನಲ್ಲಿ ಟೆಂಪೊ ಓಡಿಸಿದ್ದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಇಲ್ಲಿಯ ಲೈಸೆನ್ಸೂ ಇರಲಿಲ್ಲ. ತಂಗಿಗೂ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳ ಗಂಡನಿಗೂ ಗ್ರೀನ್ ಕಾರ್ಡ್ ಇತ್ತು. ಹಾಗಾಗಿ ಡೈರೆಕ್ಟರಿಯ ಕೆಲಸ ಅವಳ ಹೆಸರಿನಲ್ಲಿ, ವ್ಯಾನಿನ ಸ್ಟೀರಿಂಗ್ ನನ್ನ ಕೈಯಲ್ಲಿ. ಮಗುವನ್ನು ಬೆಳಿಗ್ಗೆ ಇಂಡಿಯನ್ ಅಂಗಡಿಯ ಆಂಟಿಯ ಹತ್ತಿರ ಬಿಟ್ಟು ಹೊರಡುತ್ತಿದ್ದೆವು. ಅಂಗಡಿಯ ಅಂಕಲ್ ಮೈಸೂರಿನವರು. ಅವರ ಅಂಗಡಿಯ ಫೋನ್ ನಂಬರು ನಮ್ಮಿಬ್ಬರಿಗೂ ಬಾಯಿಪಾಠ. ದಾರಿಯಲ್ಲಿ ಏನೇ ಆದರೂ ಅಲ್ಲಿಗೆ ಫೋನ್ ಮಾಡಬೇಕೆಂದು ಮಾತಾಗಿತ್ತು.

ಲಾರೆನ್ಸ್‌ವಿಲ್ ಇರುವುದು ಅಟ್ಲಾಂಟಾದ ಈಶಾನ್ಯಕ್ಕೆ, ಸುವಾನಿಯ ಪಕ್ಕದಲ್ಲಿ. ನಡುವೆ ಒಂದು ಚೌಕ, ಚೌಕದ ನಡುವೆ ಗಡಿಯಾರದ ಗೋಪುರ ಹೊತ್ತ ಕೋರ್ಟ್ ಕಟ್ಟಡ, ಸುತ್ತ ಹಳೆಯ ಅಂಗಡಿಗಳು. ಊರು ಅಂತ ಕಣ್ಣಿಗೆ ಕಾಣುವುದು ಅಷ್ಟೇ. ಉಳಿದದ್ದೆಲ್ಲ ಪೈನ್ ಮರಗಳ ಹಿಂದೆ ಅಡಗಿದೆ. ದೊಡ್ಡ ರಸ್ತೆಯಲ್ಲಿ ಹೋಗುವಾಗ ಎರಡೂ ಕಡೆ ಬರೀ ಕಾಡು. ಇಟ್ಟಿಗೆಯ ಮೋಟುಗೋಡೆಯ ಮೇಲೆ ಬಡಾವಣೆಯ ಹೆಸರು ಬರೆದ ಕಡೆ ಒಳಗೆ ತಿರುಗಿದರೆ ಸಾಲು ಸಾಲು ಮನೆ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಗ್ಯಾರೇಜು, ಒಂದೇ ಅಳತೆಗೆ ಕತ್ತರಿಸಿದ ಹುಲ್ಲು. ಒಂದು ಬಡಾವಣೆಗೂ ಇನ್ನೊಂದಕ್ಕೂ ನಡುವೆ ದಾರಿಯಿಲ್ಲ. ಬಂದ ಬಾಯಿಯಿಂದಲೇ ಹೊರಗೆ ಹೋಗಬೇಕು. ನಡೆಯುವವರಿಗೆ ಕಾಲುಹಾದಿ ಇಲ್ಲ, ನಡೆಯುವವರೂ ಇಲ್ಲ. ಹಗಲು ಹೊತ್ತು ಆ ರಸ್ತೆಗಳಲ್ಲಿ ನಡೆದು ಓಡಾಡುವವರು ನಾವಿಬ್ಬರೇ. ನಾವು ಮುಂದೆ ಹೋದಂತೆ ಒಂದೊಂದು ಮನೆಯ ಕಿಟಕಿಯಲ್ಲಿ ಪರದೆ ಸರಿಯುತ್ತಿತ್ತು.

ರಸ್ತೆಯ ಹಸಿರು ಹಲಗೆಗಳ ಮೇಲೆ ಹೆಸರಾದ ಮೇಲೆ ಎರಡು ಅಕ್ಷರ ಇರುತ್ತಿದ್ದವು. ನನಗೆ ಇಂಗ್ಲಿಷ್ ಅಕ್ಷರ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ. ಡಿ ಆರ್ ಎಂದಿದ್ದದ್ದನ್ನು ಡಾಕ್ಟರ್ ಎಂದೇ ಓದಿದೆ. ಈ ಊರಲ್ಲಿ ಹೆಜ್ಜೆಗೊಬ್ಬ ಡಾಕ್ಟರ ಹೆಸರಿನ ರಸ್ತೆ ಇದೆಯಲ್ಲ ಎಂದು ನಾನು ಬೆರಗಾದಾಗ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಡ್ರೈವ್ ಅಂತೆ. ಸಿ ಟಿ ಎಂದಿದ್ದದ್ದನ್ನು ಸೀಟಿ ಎಂದೆ. ಅದು ಏನೆಂದು ಆಗ ಅವಳಿಗೂ ತಿಳಿದಿರಲಿಲ್ಲ. ಸೀಟಿ ರಸ್ತೆಗಳೆಲ್ಲ ಒಂದೇ ಥರ. ಸ್ವಲ್ಪ ದೂರ ಹೋಗಿ, ತುದಿಯಲ್ಲಿ ರೊಟ್ಟಿಯ ಹಂಚಿನಂತೆ ದುಂಡಗೆ ಅಗಲವಾಗಿ, ಸುತ್ತ ಐದಾರು ಮನೆ ನಿಂತು ಮುಗಿದುಬಿಡುತ್ತವೆ. ವ್ಯಾನನ್ನು ಅಲ್ಲೇ ತಿರುಗಿಸಿ ಹಿಂದೆ ಬರಬೇಕು. "ಮತ್ತೊಂದು ಸೀಟಿ ಬಂತು, ಊದು ಅಣ್ಣ" ಎಂದು ತಂಗಿ ಹೇಳಿದರೆ ನಾನು ನಿಜವಾಗಿಯೂ ಸೀಟಿ ಹೊಡೆಯುತ್ತಿದ್ದೆ.

ಕೆಲಸದ ಕ್ರಮ ಹೀಗಿತ್ತು. ಬೆಳಿಗ್ಗೆ ಗೋದಾಮಿಗೆ ಹೋಗಿ ವ್ಯಾನಿನ ತಳ ನೆಲಕ್ಕೆ ತಾಗುವಷ್ಟು ಪುಸ್ತಕ ತುಂಬಿಕೊಳ್ಳುವುದು. ಕಾಂಟ್ರ್ಯಾಕ್ಟರು ಕೊಟ್ಟ ನಕ್ಷೆಯಲ್ಲಿ ಆ ದಿನದ ರಸ್ತೆಗಳಿಗೆ ಬಣ್ಣ ಹಚ್ಚಿಕೊಳ್ಳುವುದು. ಒಂದೊಂದು ಪುಸ್ತಕವನ್ನು ಉದ್ದನೆಯ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಭುಜದ ಜೋಳಿಗೆಗೆ ಹಾಕಿಕೊಂಡು, ಬಾಗಿಲ ಹಿಡಿಗೆ ಸಿಕ್ಕಿಸಿ ಬರುವುದು. ಹುಲ್ಲು ತುಳಿಯಬಾರದು, ಗಂಟೆ ಒತ್ತಬಾರದು, ನಾಯಿ ಇದ್ದರೆ ಬಿಟ್ಟು ಮುಂದೆ ಹೋಗಬೇಕು. ವ್ಯಾನು ಹಳೆಯದು. ಅದರ ಪಕ್ಕದ ಜಾರುಬಾಗಿಲು ಕೆಟ್ಟಿತ್ತು. ತಂಗಿ ಪ್ರತಿ ಬೆಳಿಗ್ಗೆ ಅದನ್ನು ಒಳಗಿನಿಂದ ತಂತಿ ಸುತ್ತಿ ಬಿಗಿಯುತ್ತಿದ್ದಳು. ಆಮೇಲೆ ಮುಂದಿನ ಬಾಗಿಲಿನಿಂದಲೇ ನಮ್ಮ ಓಡಾಟ.

ಪೊಲೀಸಿನವನು ಬಂದುಹೋದ ಕೆಲವು ದಿನಕ್ಕೆ, ಜನವರಿಯ ಒಂದು ದಿನ ಬೆಳಿಗ್ಗೆಯೇ ಅಂಗಡಿ ಅಂಕಲ್ ಎಚ್ಚರಿಸಿದ್ದರು. ಮಧ್ಯಾಹ್ನದ ಮೇಲೆ ಐಸ್ ಬೀಳುತ್ತದಂತೆ, ಇಲ್ಲಿಯ ಜನಕ್ಕೆ ಅದರ ಮೇಲೆ ಡ್ರೈವ್ ಮಾಡಲು ಬರುವುದಿಲ್ಲ, ಬೇಗ ಮುಗಿಸಿ ಬಂದುಬಿಡಿ ಎಂದರು. ನಾವು ಆಗಲೇ ಹಿಂದೆ ಬಿದ್ದಿದ್ದೆವು. ಡಬ್ಬಿಗಳಿಂದ ತೆಗೆದು ಮತ್ತೆ ಬಾಗಿಲಿಗೆ ತೂಗುಹಾಕುವುದರಲ್ಲೇ ಒಂದು ದಿನ ಹೋಗಿತ್ತು. ಆ ವಾರ ಮುಗಿಸದಿದ್ದರೆ ನಮ್ಮ ರಸ್ತೆಗಳನ್ನು ಬೇರೆಯವರಿಗೆ ಕೊಡುವುದಾಗಿ ಕಾಂಟ್ರ್ಯಾಕ್ಟರು ಹೇಳಿದ್ದ. ಮಧ್ಯಾಹ್ನ ಆಕಾಶ ಪಾತ್ರೆಯ ತಳದ ಹಾಗೆ ಕಪ್ಪಾಯಿತು. ನಾನು ನಕ್ಷೆ ಬಿಡಿಸಿ ನೋಡಿದೆ. ನಾವಿದ್ದ ಬಡಾವಣೆಯ ಕೊನೆಯ ಸೀಟಿಯ ತುದಿ, ಆಚೆಯ ಬಡಾವಣೆಯ ಮೊದಲ ರಸ್ತೆಯ ತುದಿಗೆ ಹೆಚ್ಚುಕಡಿಮೆ ತಾಗಿಕೊಂಡಿತ್ತು. ನಡುವೆ ಕೂದಲೆಳೆಯಂಥ ನೀಲಿ ಗೆರೆ. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಇದರ ತುದಿಗೆ ಸಂದಿ ಇರತೈತಿ," ಎಂದೆ ತಂಗಿಗೆ. "ನೀ ಹಂಚಿಕೋತ ಆ ಕಡೆ ದಾಟು. ನಾ ಗಾಡಿ ತಗೊಂಡು ಸುತ್ತ ಹಾಕಿ ಅಲ್ಲೇ ನಿಂತಿರ್ತೀನಿ."

"ಸಂದಿ ಇಲ್ಲಂದ್ರ?"

"ಮನಿ ಅಂದಮ್ಯಾಲೆ ಸಂದಿ ಇರೂದಿಲ್ಲೇನು? ನಡಿ ನಡಿ, ಮಳಿ ಬರೂಹಂಗೈತಿ."

ನಮ್ಮ ಕಡೆ ಎಂಥ ಓಣಿಯಾದರೂ ಕೊನೆಗೊಂದು ಸಂದಿ ಇರುತ್ತದೆ. ಎಮ್ಮೆ ದಾಟದಿದ್ದರೂ ಮನುಷ್ಯ ದಾಟುತ್ತಾನೆ. ಆ ಧೈರ್ಯದಲ್ಲಿ ಅವಳನ್ನು ಇಳಿಸಿದೆ. ಜೋಳಿಗೆ ಹೊತ್ತು ನಡೆದರೆ ಮೈ ಬೆವರುತ್ತದೆಂದು ಅವಳು ತನ್ನ ಕೆಂಪು ಕೋಟನ್ನು ಯಾವಾಗಲೂ ಸೀಟಿನ ಮೇಲೆ ತೆಗೆದಿಟ್ಟು ಇಳಿಯುತ್ತಿದ್ದಳು. ಅವತ್ತೂ ಹಾಗೇ ಮಾಡಿದಳು. ಸ್ವೆಟರಿನ ತೋಳು ಮೇಲೇರಿಸಿಕೊಂಡು ಹೊರಟಳು.

ಸುತ್ತು ಹಾಕುವುದೆಂದರೆ ಬಡಾವಣೆಯ ಬಾಯಿಗೆ ಬಂದು, ದೊಡ್ಡ ರಸ್ತೆ ಹಿಡಿದು, ಎರಡು ಸಿಗ್ನಲ್ ದಾಟಿ, ಇನ್ನೊಂದು ಬಡಾವಣೆಯ ಬಾಯಿ ಹುಡುಕಿ ಒಳಗೆ ಹೋಗುವುದು. ಆ ಕಡೆಯ ತುದಿ ಮುಟ್ಟಿದಾಗ ಮುಂದೆ ಮನೆಯೊಂದರ ಹಿತ್ತಲು, ಅದರಾಚೆ ಕಾಡು. ತಂಗಿ ಬರಲಿಲ್ಲ. ಕಾದು ಕಾದು ಕೊನೆಗೆ ಹಿತ್ತಲಿನ ಅಂಚು ಹಿಡಿದು ಕಾಡಿನೊಳಕ್ಕೆ ಇಳಿದೆ. ನಕ್ಷೆಯ ನೀಲಿ ಗೆರೆ ನಿಜದಲ್ಲಿ ಆಳವಾದ ಹಳ್ಳ. ಎರಡು ದಡದಲ್ಲೂ ಮುಳ್ಳುಪೊದೆ. ಅವಳ ಹೆಸರು ಹಿಡಿದು ಕೂಗಿದೆ. ಹಿಂದಿನಿಂದ ಗಂಡಸಿನ ದನಿ ಕೇಳಿ ತಿರುಗಿದರೆ, ಆ ಮನೆಯ ಹಿಂಬದಿಯ ಮೆಟ್ಟಿಲ ಮೇಲೆ ಒಬ್ಬ ನಿಂತಿದ್ದ. ಅವನ ಒಂದು ಕೈ ಬೆನ್ನ ಹಿಂದಿತ್ತು. ಆ ಕೈಯಲ್ಲಿ ಏನಿತ್ತೋ, ಏನೂ ಇರಲಿಲ್ಲವೋ. ನಾನು ಎರಡೂ ಕೈ ಎತ್ತಿಕೊಂಡು ವ್ಯಾನಿನವರೆಗೆ ಹಿಂದಕ್ಕೆ ಹಿಂದಕ್ಕೆ ನಡೆದು ಬಂದೆ.

ಅಷ್ಟರಲ್ಲಿ ಮಳೆ ಶುರುವಾಯಿತು. ಅದು ಮಳೆಯಾಗಿ ಬಿದ್ದು, ತಾಗಿದಲ್ಲೇ ಗಾಜಾಗುತ್ತಿತ್ತು. ಅವಳನ್ನು ಇಳಿಸಿದ ಜಾಗಕ್ಕೆ ವಾಪಸು ಹೊರಟವನಿಗೆ ದಾರಿ ತಪ್ಪಿತು. ಎಲ್ಲ ಬಾಯಿಗಳಲ್ಲೂ ಅದೇ ಇಟ್ಟಿಗೆಯ ಗೋಡೆ, ಅರ್ಧ ಹೆಸರುಗಳಲ್ಲಿ ಅದೇ ಪೀಚ್ ಮರ. ಒಂದರೊಳಗೆ ಹೋಗಿ ಹೊರಗೆ ಬಂದು, ಇನ್ನೊಂದರೊಳಗೆ ಹೋಗಿ ಹೊರಗೆ ಬಂದು, ಕೊನೆಗೆ ಗ್ಯಾಸ್ ಸ್ಟೇಷನ್ನಿನ ಹೊರಗಿದ್ದ ಫೋನಿನಿಂದ ಅಂಗಡಿಗೆ ಫೋನ್ ಮಾಡಿದೆ. ಐಸ್ ಬೀಳುತ್ತದೆಂದರೆ ಇಲ್ಲಿಯ ಜನ ಹಾಲು, ಬ್ರೆಡ್ಡಿಗೆ ಮುಗಿಬೀಳುತ್ತಾರೆ. ಅಂಗಡಿಯ ಗದ್ದಲ ಫೋನಿನಲ್ಲೇ ಕೇಳುತ್ತಿತ್ತು.

"ನೀವಾ? ಎಲ್ಲಿದ್ದೀರಿ ರೀ?" ಅಂಕಲ್ ದೊಡ್ಡ ದನಿಯಲ್ಲಿ ಕೇಳಿದರು. "ನಿಮ್ ತಂಗಿ ಆಗ್ಲೇ ಕಾಲ್ ಮಾಡಿದ್ರು. ಕೋರ್ಟ್‌ನಲ್ಲಿದ್ದಾರಂತೆ."

"ಕೋರ್ಟಿನ್ಯಾಗ?"

"ಹೂಂ. ಯಾವ ಕೋರ್ಟು ಅಂತ ಅಣ್ಣಂಗೆ ಗೊತ್ತು ಅಂದ್ರು. ಬೇಗ ಹೋಗಿ ಕರ್ಕೊಂಡ್ ಬನ್ನಿ. ಒಂದ್ನಿಮಿಷ ರೀ... ಹಾಲು ಖಾಲಿ ಮೇಡಂ, ಸಾರಿ..." ಫೋನು ಇಟ್ಟೇಬಿಟ್ಟರು.

ನಾನು ಆ ಫೋನಿನ ಗೂಡಿನಲ್ಲೇ ನಿಂತೆ. ಯಾರೋ ಮತ್ತೆ ಕಂಪ್ಲೇಂಟ್ ಕೊಟ್ಟಿದ್ದಾರೆ, ಆ ನಗುವ ಪೊಲೀಸಿನವನೇ ಬಂದಿದ್ದಾನೆ, ಹೇಳಿದ ಹಾಗೇ ಮಾಡಿದ್ದಾನೆ. ಸಂದಿ ಹುಡುಕುತ್ತ ಅವಳು ಯಾರದೋ ಹಿತ್ತಲಿಗೆ ಕಾಲಿಟ್ಟಿರಬೇಕು. ಕಾಲಿಡು ಎಂದವನು ನಾನು. ಯಾವ ಕೋರ್ಟು ಎಂದು ನನಗೆ ಗೊತ್ತಿತ್ತು. ಆ ಊರಿನಲ್ಲಿ ನಾನು ಕಂಡದ್ದು ಒಂದೇ. ಕರೆದುಕೊಂಡು ಬರುವುದೆಂದರೆ ಒಳಗೆ ಹೋಗಿ ಹೆಸರು ಹೇಳಬೇಕು, ಸಂಬಂಧ ಹೇಳಬೇಕು, ಕಾಗದ ತೋರಿಸಬೇಕು. ತೋರಿಸಲು ನನ್ನ ಹತ್ತಿರ ಇದ್ದದ್ದು ಮುಗಿದುಹೋದ ವೀಸಾ ಅಂಟಿಸಿದ ಪಾಸ್‌ಪೋರ್ಟು.

ಆದರೂ ಚೌಕಕ್ಕೆ ಹೋದೆ. ಕೋರ್ಟಿನ ಎದುರು ವ್ಯಾನು ನಿಲ್ಲಿಸಿದೆ. ಗೋಪುರದ ಗಡಿಯಾರದ ಮೇಲೆ ಐಸ್ ಕೂತು ಮುಳ್ಳು ಕಾಣುತ್ತಿರಲಿಲ್ಲ. ಆ ಕಟ್ಟಡದಲ್ಲಿ ಕೇಸು ನಡೆಯುವುದು ನಿಂತು ವರ್ಷಗಳಾಗಿವೆ, ಈಗಿನ ಕೋರ್ಟು ಬೇರೆ ಕಡೆ ಇದೆ ಎಂದು ನನಗೆ ತಿಳಿದದ್ದು ಬಹಳ ಆಮೇಲೆ. ಅವತ್ತು ನಾನು ಹೆದರಿ ನೋಡುತ್ತ ಕೂತದ್ದು ಒಂದು ಖಾಲಿ ಕಟ್ಟಡವನ್ನು. ಆದರೆ ಅದರ ಮುಂದೆ ಒಂದು ಪೊಲೀಸ್ ಕಾರು ನಿಜವಾಗಿಯೂ ನಿಂತಿತ್ತು. ಪಕ್ಕದ ಸೀಟಿನಲ್ಲಿ ತಂಗಿಯ ಕೋಟಿತ್ತು. ಒಳಗೆ ಹೋಗದಿದ್ದರೂ ಕೋಟನ್ನಾದರೂ ಯಾರ ಕೈಯಲ್ಲಾದರೂ ಕೊಟ್ಟು ಬರೋಣ ಎಂದು ಅದನ್ನು ತೋಳಿನ ಮೇಲೆ ಹಾಕಿಕೊಂಡು ಇಳಿದೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಪೊಲೀಸ್ ಕಾರಿನ ಗಾಜು ಕೆಳಗಿಳಿಯಿತು. ಅವನು ನನ್ನನ್ನು ನೋಡಿ ಏನೋ ಕೂಗಿ ಹೇಳಿದ. ನನಗೆ ತಿಳಿದ ಮಾತು ಎರಡೇ. ಗೋ ಹೋಮ್.

ರಸ್ತೆ ಕೆಡುತ್ತಿದೆ, ಮನೆ ಸೇರಿಕೋ ಎಂದಿರುತ್ತಾನೆ. ಅವತ್ತು ಎಲ್ಲರಿಗೂ ಅದನ್ನೇ ಹೇಳುತ್ತಿದ್ದನೇನೋ. ನನಗೆ ಕೇಳಿಸಿದ್ದು ನಿನ್ನ ದೇಶಕ್ಕೆ ಹೋಗು ಎಂದು. ತಿರುಗಿ ವ್ಯಾನು ಹತ್ತಿದೆ.

ಮುಂದಿನದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ನಾನು ಅಂಗಡಿಗೆ ಹೋಗಲಿಲ್ಲ. ತಂಗಿಯ ಗಂಡನಿಗೆ ಫೋನ್ ಮಾಡಲಿಲ್ಲ. ಅವಳಿಗೆ ಕಾರ್ಡ್ ಇದೆ, ಇವತ್ತಲ್ಲದಿದ್ದರೆ ನಾಳೆ ಅವಳನ್ನು ಬಿಡುತ್ತಾರೆ, ನನ್ನನ್ನು ಬಿಡುವುದಿಲ್ಲ ಎಂದು ಲೆಕ್ಕ ಹಾಕಿದೆ. ಅವರು ಅವಳ ಅಡ್ರೆಸ್ ಹಿಡಿದು ಮನೆಗೂ ಬರುತ್ತಾರೆ, ಅಂಗಡಿಗೂ ಬರುತ್ತಾರೆ. ಷಾರ್ಲೆಟ್‌ನಲ್ಲಿ ನಮ್ಮ ಕಡೆಯವನೊಬ್ಬ ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದ. ಅಲ್ಲಿಗೆ ಹೋಗಿಬಿಡುವುದು ಎಂದು ತೀರ್ಮಾನಿಸಿದೆ. ಬೇರೆ ರಾಜ್ಯ, ಬೇರೆ ಪೊಲೀಸ್. ಹೆದ್ದಾರಿಯ ಕಡೆ ತಿರುಗುವ ಮುಂಚೆ ಮತ್ತೆ ಆ ಕೋಟು ಕಣ್ಣಿಗೆ ಬಿತ್ತು. ದಾರಿಯಲ್ಲಿ ನಿಲ್ಲಿಸಿದರೆ ಹೆಂಗಸಿನ ಕೋಟು ಯಾರದು ಎಂದು ಕೇಳಿಯೇ ಕೇಳುತ್ತಾರೆ. ಒಂದು ಕಿರಾಣಿ ಅಂಗಡಿಯ ಹಿಂದೆ ಹೋಗಿ, ಕಸದ ದೊಡ್ಡ ಪೆಟ್ಟಿಗೆಯ ಮುಚ್ಚಳ ಎತ್ತಿ, ಕೋಟನ್ನು ಒಳಗೆ ಹಾಕಿದೆ. ಹಾಕುವ ಮುಂಚೆ ಜೇಬಿಗೆ ಕೈ ಹಾಕಿ ನೋಡಿದೆ. ಹೆಸರು ಬರೆದದ್ದು ಏನಾದರೂ ಇದೆಯೋ ಎಂದು. ಅವಳ ಕೈಗವಸು ಇತ್ತು, ಮಗುವಿನ ಒಂದು ಕಾಲುಚೀಲ ಇತ್ತು. ಎಲ್ಲವನ್ನೂ ಅಲ್ಲೇ ಬಿಟ್ಟು ಮುಚ್ಚಳ ಹಾಕಿದೆ.

ಹೆದ್ದಾರಿಯಲ್ಲಿ ಬಹಳ ದೂರ ಹೋಗಲಾಗಲಿಲ್ಲ. ಮೊದಲ ಸೇತುವೆಯ ಮೇಲೆ ಮುಂದಿನ ಕಾರು ತನ್ನಷ್ಟಕ್ಕೆ ಅಡ್ಡ ತಿರುಗಿತು, ಅದರ ಹಿಂದಿನದೂ ತಿರುಗಿತು. ಬ್ರೇಕ್ ಒತ್ತಿದರೆ ಪುಸ್ತಕದ ಭಾರಕ್ಕೆ ವ್ಯಾನು ಹಿಂದಿನಿಂದ ದೂಡಿದ ಹಾಗೆ ಜಾರುತ್ತಿತ್ತು. ಗೇರ್ ಇಳಿಸಿ, ಕಾಲು ತೆಗೆದು, ಬದಿಯ ಕಂಬಿಗೆ ಸವರಿಕೊಂಡು ಹೇಗೋ ದಾಟಿದೆ. ಮುಂದೆ ಎಲ್ಲ ನಿಂತಿತ್ತು. ಮೊದಲು ಸಿಕ್ಕ ಎಕ್ಸಿಟ್‌ನಲ್ಲಿ ಇಳಿದೆ. ಅಲ್ಲೂ ಕಾರುಗಳು ಅಡ್ಡಾದಿಡ್ಡಿ. ಆ ನಡುವೆ ನನ್ನ ಗಾಜಿನ ಮೇಲೆ ಯಾರೋ ಬಡಿದರು. ಪೊಲೀಸಿನವನೇ ಎಂದುಕೊಂಡೆ. ನೋಡಿದರೆ ವಯಸ್ಸಾದ ಕರಿಯ ಹೆಂಗಸು, ಕ್ಯಾಂಟೀನಿನ ಏಪ್ರನ್ ಮೇಲೆ ಜಾಕೆಟ್ ಹಾಕಿದ್ದಳು. ತನ್ನ ಕಾರು ಚರಂಡಿಗೆ ಇಳಿದಿದೆ, ಮನೆ ಇಲ್ಲೇ ಹತ್ತಿರ, ಬಿಡುತ್ತೀಯಾ ಎಂದು ಕೈಸನ್ನೆಯಲ್ಲೂ ಮಾತಿನಲ್ಲೂ ಕೇಳಿದಳು. ಇಲ್ಲ ಎನ್ನುವುದಕ್ಕೂ ನನಗೆ ಧೈರ್ಯ ಬರಲಿಲ್ಲ. ತಂಗಿಯ ಸೀಟಿನಲ್ಲಿ ಕೂತು ಎಡಕ್ಕೆ, ಬಲಕ್ಕೆ ಎಂದು ದಾರಿ ತೋರಿಸಿದಳು. ಒಂದು ಬಡಾವಣೆಯ ಒಳಗೆ ಬಂದಾಗ ಮುಂದಕ್ಕೆ ಬೆರಳು ಮಾಡಿ, "ಮೈ ಕೋರ್ಟ್," ಎಂದಳು.

ಕೋರ್ಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕಾಲು ಬ್ರೇಕ್ ಮೇಲೆ ಹೋಯಿತು. ವ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ದೀಪದ ಬೆಳಕು ನೇರವಾಗಿ ಹಸಿರು ಹಲಗೆಯ ಮೇಲೆ ಬಿತ್ತು. ಒಂದು ಮರದ ಹೆಸರು, ಅದಾದ ಮೇಲೆ ಸಿ, ಟಿ. ನಾನು ಆ ಎರಡು ಅಕ್ಷರವನ್ನು ಬೆರಳಿನಲ್ಲಿ ತೋರಿಸಿ, "ಕೋರ್ಟ್?" ಎಂದು ಕೇಳಿದೆ. ಅವಳು ಮಗುವಿಗೆ ಹೇಳುವ ಹಾಗೆ ತಲೆಯಾಡಿಸಿ, "ಕೋರ್ಟ್," ಎಂದಳು.

ಅವಳನ್ನು ಮನೆಯ ಮುಂದೆ ಇಳಿಸಿ, ಆ ಸೀಟಿಯ ದುಂಡು ತುದಿಯಲ್ಲಿ ವ್ಯಾನು ತಿರುಗಿಸಿ ಹಿಂದಕ್ಕೆ ಹೊರಟೆ. ನಾನು ತಿರುಗಿದ್ದು ಧೈರ್ಯ ಬಂದು ಅಲ್ಲ. ತಂಗಿ ಇರುವಲ್ಲಿ ಪೊಲೀಸರಿಲ್ಲ ಎಂದು ಗೊತ್ತಾಗಿ ತಿರುಗಿದೆ. ಆ ಹೆಂಗಸು ಬೇರೆ ಥರದ ರಸ್ತೆಯಲ್ಲಿ ಮನೆ ಮಾಡಿದ್ದರೆ ನಾನು ಹೇಗಾದರೂ ಷಾರ್ಲೆಟ್ ಸೇರಿಕೊಂಡಿರುತ್ತಿದ್ದೆ.

ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗಳಲ್ಲಿ, ಮೊದಲ ಗೇರಿನಲ್ಲಿ, ಬಣ್ಣ ಹಚ್ಚಿದ ನಕ್ಷೆಯನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ಬಂದೆ. ಈ ಸಲ ಪೀಚ್ ಮರದ ಹೆಸರುಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಆ ಸೀಟಿಯ ಬಾಯಿ ಸಿಕ್ಕಾಗ ಕತ್ತಲಾಗಿತ್ತು. ಟಪಾಲು ಡಬ್ಬಿಯ ಕಂಬಕ್ಕೆ ಒರಗಿ ತಂಗಿ ನೆಲದ ಮೇಲೆ ಕೂತಿದ್ದಳು. ಎರಡೂ ಕಾಲಿಗೆ, ಎಡಗೈಗೆ ಡೈರೆಕ್ಟರಿಯ ಪ್ಲಾಸ್ಟಿಕ್ ಚೀಲ ತೊಟ್ಟಿದ್ದಳು. ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಪಕ್ಕದಲ್ಲಿ ಒಬ್ಬ ಬಿಳಿಯ ಮುದುಕಿ ಕೊಡೆ ಹಿಡಿದು ನಿಂತು, ಅವಳ ಹೆಗಲ ಮೇಲೆ ಕಂಬಳಿ ಸರಿಮಾಡುತ್ತಿದ್ದಳು.

ಹಳ್ಳ ದಾಟಲಾರದೆ ತಂಗಿ ಫೋನ್ ಮಾಡಿದ್ದು ಆ ಮುದುಕಿಯ ಮನೆಯಿಂದ. ಇದು ಯಾವ ಜಾಗ ಎಂದು ಕೇಳಿದಾಗ ಸೀಟಿ ಅಂದರೆ ಕೋರ್ಟ್ ಎಂದು ಹೇಳಿಕೊಟ್ಟವಳೂ ಅವಳೇ. ತಂಗಿ ಬಿದ್ದ ಮೇಲೆ ಆಂಬ್ಯುಲೆನ್ಸಿಗೂ ಅವಳು ಫೋನ್ ಮಾಡಿದ್ದಳು. ಐಸಿನಲ್ಲಿ ತಡವಾಗುತ್ತದೆ ಎಂದಿದ್ದರಂತೆ. ಒಳಗೇ ಕೂತಿರು ಎಂದರೂ ತಂಗಿ ಮತ್ತೆ ಮತ್ತೆ ಹೊರಗೆ ಬಂದು ರಸ್ತೆಯ ಬಾಯಲ್ಲಿ ನಿಲ್ಲುತ್ತಿದ್ದಳು. ಎಲ್ಲ ಮನೆಯೂ ಒಂದೇ ಥರ, ಅಣ್ಣನಿಗೆ ಗುರುತು ಸಿಗುವುದಿಲ್ಲ ಎಂದು. ಹಾಗೆ ಬರುವಾಗಲೇ ಇಳಿಜಾರಿನಲ್ಲಿ ಜಾರಿ ಕೈ ಊರಿ ಬಿದ್ದಿದ್ದಳು.

"ಬಂದೆಲ್ಲ ಅಣ್ಣ," ಎಂದಳು. "ನೀ ಹುಡುಕಾಕತ್ತಿರ್ತಿ ಅಂತ ನನಗ ಗೊತ್ತಿತ್ತು."

ನಾನು ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸಿದೆ. ಅವಳ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

"ಕೋಟ್ ಕೊಡಣ್ಣ, ಭಾಳ ಥಂಡಿ ಆಗೈತಿ."

"ಕೋಟಾ?" ಎಂದೆ. "ಪಕ್ಕದ ಬಾಗಲಾ ತೆರಕೊಂಡಿತ್ತು. ಎಲ್ಲೋ ಬಿದ್ದ್ ಹೋಗೈತಿ."

ಅವಳು ಹಿಂದಕ್ಕೆ ತಿರುಗಿ ಜಾರುಬಾಗಿಲನ್ನು ನೋಡಿದಳು. ಬೆಳಿಗ್ಗೆ ಅವಳೇ ಸುತ್ತಿದ ತಂತಿ ಹಾಗೇ ಇತ್ತು. ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಮುಂದಕ್ಕೆ ತಿರುಗಿ ಕೂತಳು. ಆಸ್ಪತ್ರೆಯ ಕಡೆ ವ್ಯಾನು ಹೊರಡಿಸಿದೆ. ಅಲ್ಲಿ ಅವಳು ಒಬ್ಬಳೇ ಇಳಿದು ಒಳಗೆ ಹೋದಳು. ಹೆಸರು, ವಿಳಾಸ ಕೇಳುವ ಜಾಗ ಅದು. ನಾನು ವ್ಯಾನಿನಲ್ಲೇ ಕೂತೆ. ನೀನೂ ಬಾ ಎಂದು ಅವಳು ಕರೆಯಲಿಲ್ಲ.

ಐಸ್ ಕರಗಿದ ಮೇಲೆ ಉಳಿದ ಪುಸ್ತಕಗಳನ್ನು ನಾನೊಬ್ಬನೇ ಹಂಚಿ ಮುಗಿಸಿದೆ. ಎಲ್ಲವನ್ನೂ ಬಾಗಿಲಿಗೇ ತೂಗುಹಾಕಿದೆ. ಕಿರಾಣಿ ಅಂಗಡಿಯ ಹಿಂದೆ ಹೋಗಿ ಆ ಪೆಟ್ಟಿಗೆಯ ಮುಚ್ಚಳ ಎತ್ತಿಯೂ ನೋಡಿದೆ. ಖಾಲಿಯಾಗಿತ್ತು, ತಳ ತೊಳೆದಂತಿತ್ತು. ತಂಗಿಯ ಮಣಿಕಟ್ಟು ಕೂಡಿತು, ಸರಿಯಾಗಿ ಕೂಡಲಿಲ್ಲ. ಅವಳ ಜೋಳದ ರೊಟ್ಟಿ ಹೂವಿನಷ್ಟು ತೆಳ್ಳಗಿರುತ್ತಿತ್ತು. ರೊಟ್ಟಿ ಬಡಿಯಲು ಅಂಗೈ ತಿರುಗಬೇಕು. ಅವಳ ಬಲ ಅಂಗೈ ಈಗ ಅಷ್ಟು ತಿರುಗುವುದಿಲ್ಲ. ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾಳೆ. ಅದು ದಪ್ಪಗೆ, ಅಂಚು ಒಡೆದು ಬರುತ್ತದೆ.

ಮುಂದೆ ನನ್ನ ಕಾಗದಪತ್ರಗಳೂ ಒಂದು ದಾರಿಗೆ ಬಂದವು. ಈಗ ನಾನಿರುವುದು ಷಾರ್ಲೆಟ್‌ನಲ್ಲೇ. ತಂಗಿಯ ಮನೆ ಸುವಾನಿಯಲ್ಲಿ. ಹಬ್ಬಕ್ಕೆ ನಾಲ್ಕು ಕನ್ನಡದ ಮನೆಯವರು ಅಲ್ಲಿ ಸೇರಿದರೆ ಈ ಕಥೆ ಬಂದೇ ಬರುತ್ತದೆ. ಹೇಳುವವಳು ತಂಗಿ. ಡಾಕ್ಟರ ರಸ್ತೆಗಳು, ಸೀಟಿ, ಅಂಗಡಿ ಅಂಕಲ್ ಫೋನು, ಕಂಬಕ್ಕೆ ಒರಗಿ ಕೂತ ಅವಳು. ಕೋರ್ಟ್ ಅಂದರೆ ಕೋರ್ಟ್ ಅಂತ ತಿಳಿದು ಅಣ್ಣ ಗಡಿಯಾರದ ಕಟ್ಟಡದ ಮುಂದೆ ಹೋಗಿ ನಿಂತದ್ದು ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ. ನಗುವವರಿಗೆ ಕಾಣದ್ದು ಒಂದಿದೆ. ನಾನು ಮಾತನ್ನು ತಪ್ಪು ತಿಳಿದದ್ದು ನಿಜ. ಆದರೆ ತಪ್ಪು ತಿಳಿದಂತೆ ಅವಳನ್ನು ನಿಜವಾಗಿಯೇ ಪೊಲೀಸರು ಹಿಡಿದಿದ್ದರೂ ನಾನು ಅವಳನ್ನು ಬಿಟ್ಟು ಓಡಿಹೋಗುತ್ತಿದ್ದೆ. ಹಿಡಿದಿದ್ದಾರೆ ಎಂದು ನಂಬಿದ್ದಕ್ಕೇ ಓಡಿದೆ.

ಹೋದ ಸಂಕ್ರಾಂತಿಗೆ ಅವಳ ಮಗಳು ಕೇಳಿದಳು. ಅಂದು ಕಾಲುಚೀಲ ಕಳೆದುಕೊಂಡ ಮಗು ಈಗ ನನ್ನ ಭುಜದೆತ್ತರ.

"ವೇಟ್, ಮಾಮಾ. ಅಮ್ಮ ಜೈಲ್‌ನಲ್ಲಿ ಇದಾಳೆ ಅಂತ ಥಿಂಕ್ ಮಾಡಿದೆ ಅಲ್ವಾ? ದೆನ್ ನೀನು ಏನ್ ಮಾಡಿದೆ?"

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಹೇಳಿಬಿಡಬೇಕು ಎಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ತಂಗಿ ಎಳ್ಳುಬೆಲ್ಲದ ತಟ್ಟೆಯನ್ನು ನಮ್ಮಿಬ್ಬರ ನಡುವೆ ಚಾಚಿದಳು.

"ಏನ್ ಮಾಡ್ತಾನ? ಬಂದ," ಎಂದಳು ಮಗಳಿಗೆ. "ನಿಮ್ಮ ಮಾಮಾ ಬಂದ. ತಗೋ, ತಿನ್ನು."

ಕಥೆಯನ್ನು ಅವಳು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಒಂದು ಸಲವೂ ಅದರಲ್ಲಿ ಕೋಟು ಬಂದಿಲ್ಲ. ಅವತ್ತು ನಾನು ಹೊರಟಾಗ ಎಂದಿನಂತೆ ಬಾಗಿಲವರೆಗೆ ಬಂದಳು. ಗೂಟದ ಮೇಲಿದ್ದ ನನ್ನ ಕೋಟನ್ನು ತೆಗೆದು, ಪೂರ್ತಿ ತಿರುಗದ ಆ ಕೈಯಲ್ಲಿ ಕೊರಳಪಟ್ಟಿ ಹಿಡಿದು, ನಾನು ತೋಳು ತೂರಿಸುವವರೆಗೆ ನಿಂತಳು.

"ಹಾಕ್ಕೊಂಡ್ ಹೋಗಣ್ಣ," ಎಂದಳು. "ಹೊರಗ ಥಂಡಿ ಐತಿ."